ಸಿಕ್ಕಿತೋ, ಮುಗಿಯಿತೋ

ಶಿಡ್ಲಘಟ್ಟದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಅಕ್ಷರ. ಅದರಲ್ಲಿ ಮೂರು ‘ಎ’. ಮೂರನೆಯದು ಕಟ್ಟಕಡೆಯಲ್ಲಿದೆ. ರೇಷ್ಮೆಗೂಡಿನ ರೇಟು ವಿಚಾರಿಸಲು ಬಂದ ರೈತರಿಗಾಗಲಿ, ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುವವರಿಗಾಗಲಿ ಇದರಿಂದ ನಯಾಪೈಸೆಯ ಉಪಯೋಗವಿಲ್ಲ. ಆದರೆ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕೂತವರಿಗೆ ಇಷ್ಟು ಅನುಕೂಲದ ಊರು ಸುತ್ತಮುತ್ತ ಇನ್ನೊಂದಿಲ್ಲ. ಚಿಂತಾಮಣಿಯವರು ‘ನಮ್ಮೂರ ಹೆಸರಿನ ಕೊನೆಯಲ್ಲೂ ಒಂದು ಐ ಇದೆಯಲ್ಲ’ ಎಂದು ಜಗಳಕ್ಕೆ ಬರಬಹುದು. ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವರಲ್ಲಿರುವ ಐಗಳು ಎರಡೇ. ನಮ್ಮ ಊರಿನಲ್ಲೂ ಕೆಲವು ಬೋರ್ಡುಗಳ ಮೇಲೆ ‘ಎಸ್’ ಆದ ಕೂಡಲೇ ಒಂದು ‘ಎಚ್’ ನುಸುಳಿ ಲೆಕ್ಕ ಹನ್ನೆರಡಾಗುತ್ತದೆ. ನಾನು ಎಚ್ ಇಲ್ಲದ ಪಕ್ಷ.

ಇಂಥ ಲೆಕ್ಕವೆಲ್ಲ ತಲೆಗೆ ಹತ್ತಿದ್ದು ನನ್ನ ಅಕ್ಕನ ಮಗ ಚಿಕ್ಕಬಳ್ಳಾಪುರಕ್ಕೆ ಎಂಜಿನಿಯರಿಂಗ್ ಓದಲು ಹೋಗಿಬರುತ್ತಿದ್ದ ಕಾಲದಲ್ಲಿ. ನಮ್ಮ ಜಿಲ್ಲೆಯ ಹುಡುಗ ಎಂಜಿನಿಯರಿಂಗ್ ಸೇರಿದ ಅಂದರೆ ಬಂಧುಬಳಗದವರೆಲ್ಲ ಮೊದಲು ಮಾಡುವ ಕೆಲಸ ಅವನಿಗೆ ಮುದ್ದೇನಹಳ್ಳಿಯನ್ನು ನೆನಪಿಸುವುದು. ವಿಶ್ವೇಶ್ವರಯ್ಯನವರು ಅಲ್ಲಿ ಹುಟ್ಟಿದ್ದರಿಂದ ನಮ್ಮ ಹುಡುಗರ ಹೆಗಲ ಮೇಲೆ ಹುಟ್ಟಿನಿಂದಲೇ ಒಂದು ಅಣೆಕಟ್ಟು ಕೂತಿರುತ್ತದೆ. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಟಿಯು. ಹುಡುಗ ಸಿವಿಲ್ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಾಗ ನಮ್ಮ ದೊಡ್ಡಪ್ಪನವರು, ‘ಅಂದ್ರೆ ಡ್ಯಾಮ್ ಕಟ್ಟಲ್ವಾ?’ ಎಂದು ಕೇಳಿ ಸುಮ್ಮನಾದರು. ಆಮೇಲೆ ಅವನ ಓದಿನ ಬಗ್ಗೆ ಅವರು ಮತ್ತೇನೂ ಕೇಳಲಿಲ್ಲ.

ಆಗ ಲ್ಯಾಬಿನಲ್ಲಿ ಕಲಿಸುತ್ತಿದ್ದದ್ದು ಇಂಟೆಲ್ ಕಂಪನಿ 1978ರಲ್ಲಿ ಹೊರತಂದ 8086 ಎಂಬ ಪ್ರೊಸೆಸರ್. ಹುಡುಗನಿಗಿಂತ ಅದರ ವಯಸ್ಸು ಹೆಚ್ಚು. ಕಪ್ಪು ತೆರೆ, ಮ್ಯಾಸ್ಮ್ ಎಂಬ ಅಸೆಂಬ್ಲರ್, ಜೊತೆಗೆ ಕೆಂಪು ಮಾರ್ಜಿನ್ ಎಳೆದ ರೆಕಾರ್ಡ್ ಪುಸ್ತಕ. ಅಸೆಂಬ್ಲಿಯಲ್ಲಿ ಬರೆಯುವುದೆಂದರೆ ಯಂತ್ರಕ್ಕೆ ಅದು ಹೆಜ್ಜೆ ಎತ್ತಿಡುವುದನ್ನೂ ನಾವೇ ಹೇಳಿಕೊಡುವುದು. ಇದನ್ನು ಅಲ್ಲಿಂದ ತಾ, ಇಲ್ಲಿಡು, ಅದರೊಂದಿಗೆ ಹೋಲಿಸು, ಸಮವಾಗಿದ್ದರೆ ಆ ಕಡೆ ಹೋಗು. ಪಕ್ಕದಲ್ಲಿ ಕೂತು ನೋಡುತ್ತಿದ್ದ ನನಗೆ ಇಂಥ ಬಿಡಿಬಿಡಿ ಅಪ್ಪಣೆಗಳ ನಡುವೆ ತಟ್ಟನೆ ಕಣ್ಣಿಗೆ ಬಿದ್ದದ್ದು ಸ್ಟ್ರಿಂಗ್ ಆಜ್ಞೆಗಳು. ಸಾಲಾಗಿ ಜೋಡಿಸಿಟ್ಟ ಬೈಟುಗಳ ಮೇಲೆ ಒಂದೇ ಏಟಿಗೆ ಕೆಲಸ ಮಾಡುವ ಐದು ಆಜ್ಞೆಗಳು ಅವು. ಸಾಲನ್ನು ಬೇರೆಡೆಗೆ ಸಾಗಿಸುವುದು ಒಂದು, ಎರಡು ಸಾಲುಗಳನ್ನು ಹೋಲಿಸುವುದು ಒಂದು, ಒಂದೊಂದೇ ಬೈಟು ಎತ್ತಿಕೊಳ್ಳುವುದು ಒಂದು, ತುಂಬುವುದು ಒಂದು. ಉಳಿದದ್ದು ನನ್ನ ಮೆಚ್ಚಿನದು: ಸಾಲಿನಲ್ಲಿ ಹುಡುಕುವ ಸ್ಕ್ಯಾಸ್‌ಬಿ.

ಈ ಸ್ಕ್ಯಾಸ್‌ಬಿಯ ಗುಣ ಬಹಳ ಸರಳ. ಎಎಲ್ ಎಂಬ ರಿಜಿಸ್ಟರಿನಲ್ಲಿ ನಾವು ಹುಡುಕಬೇಕಾದ ಅಕ್ಷರವನ್ನು ಇಟ್ಟಿರುತ್ತೇವೆ. ಡಿಐ ಎಂಬುದು ಸಾಲಿನಲ್ಲಿ ಒಂದು ಜಾಗವನ್ನು ತೋರಿಸುತ್ತಿರುತ್ತದೆ. ಎಎಲ್‌ನಿಂದ ಆ ಜಾಗದ ಬೈಟನ್ನು ಕಳೆದು, ಬಂದ ಉತ್ತರವನ್ನು ಎಸೆದುಬಿಡುತ್ತದೆ. ಉತ್ತರ ಅದಕ್ಕೆ ಬೇಡ. ಸೊನ್ನೆ ಬಂತೋ ಇಲ್ಲವೋ ಎಂಬುದನ್ನು ಜೀರೋ ಫ್ಲಾಗ್‌ನಲ್ಲಿ ಗುರುತು ಹಾಕಿ, ಡಿಐಯನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಅಷ್ಟೇ. ಅದಕ್ಕೆ ರೆಪ್‌ಎನ್‌ಇ ಎಂಬ ಪೂರ್ವಪದ ಹಚ್ಚಿದರೆ, ಬೇಕಾದದ್ದು ಸಿಗುವವರೆಗೆ ಇಲ್ಲವೇ ಸಿಎಕ್ಸ್‌ನಲ್ಲಿ ನಾವು ಬರೆದ ಎಣಿಕೆ ಮುಗಿಯುವವರೆಗೆ ತಾನೇ ಓಡುತ್ತದೆ. ಇಷ್ಟೆಲ್ಲಕ್ಕೂ ಮೆಮೊರಿಯಲ್ಲಿ ಹಿಡಿಯುವ ಜಾಗ ಎರಡೇ ಬೈಟು: 242, 174.

ಹೊರಡಿಸುವ ಮುನ್ನ ಮಾತ್ರ ತಯಾರಿ ಬೇಕು. ಏನನ್ನು ಹುಡುಕಬೇಕು, ಎಲ್ಲಿಂದ, ಎಷ್ಟು ದೂರ, ಯಾವ ದಿಕ್ಕಿಗೆ. ಇದರ ಮೇಲೆ ಇಎಸ್ ಎಂಬ ಸೆಗ್ಮೆಂಟ್ ರಿಜಿಸ್ಟರಿನ ಬಿಗುಮಾನ ಬೇರೆ. ಮಿಕ್ಕ ಬಹುಪಾಲು ಆಜ್ಞೆಗಳು ಮಾಮೂಲಾಗಿ ಡಿಎಸ್ ಎಂಬ ಇನ್ನೊಂದು ಸೆಗ್ಮೆಂಟ್ ರಿಜಿಸ್ಟರ್ ನೋಡಿಕೊಂಡು ನಡೆಯುತ್ತವೆ, ಬೇಕೆಂದರೆ ಬೇರೆ ಸೆಗ್ಮೆಂಟಿಗೂ ಒಪ್ಪುತ್ತವೆ. ಸ್ಕ್ಯಾಸ್‌ಬಿ ಇಎಸ್ ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಲ್ಯಾಬಿನಲ್ಲಿ ಹುಡುಗರು ಡಿಎಸ್ ತುಂಬಿ ಇಎಸ್ ಮರೆಯುತ್ತಾರೆ. ಆಗ ಆಜ್ಞೆ ಊರ ಹೆಸರನ್ನು ಬಿಟ್ಟು, ಪ್ರೋಗ್ರಾಂ ಶುರುವಾಗುವಾಗ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿಕೊಟ್ಟ 256 ಬೈಟಿನ ಪೀಠಿಕೆಯಲ್ಲಿ ಶ್ರದ್ಧೆಯಿಂದ ಹುಡುಕುತ್ತದೆ. ಕೆಲವೊಮ್ಮೆ ಅಲ್ಲೂ ಒಂದು ‘ಎ’ ಸಿಕ್ಕಿಬಿಡುತ್ತದೆ. ಔಟ್‌ಪುಟ್ ಬಂತು ಅಂತ ಮೇಷ್ಟರು ಸಹಿ ಹಾಕಿಬಿಡುತ್ತಾರೆ.

ಈಗ ಹನ್ನೊಂದು ಅಕ್ಷರದ ವಿಷಯಕ್ಕೆ ಬರೋಣ. ಎಸ್, ಐ, ಡಿ, ಎಲ್, ಎ, ಜಿ, ಎಚ್, ಎ, ಟಿ, ಟಿ, ಎ. ಮೊದಲ ಮನೆಗೆ ಸೊನ್ನೆ ಎಂಬ ಸಂಖ್ಯೆ. ಸಿಎಕ್ಸ್‌ನಲ್ಲಿ 11 ಬರೆದು, ಎಎಲ್‌ನಲ್ಲಿ ‘ಎ’ ಇಟ್ಟು ಬಿಟ್ಟರೆ ಐದನೆಯ ಹೆಜ್ಜೆಗೆ ನಿಲ್ಲುತ್ತದೆ. ‘ಎ’ ಇರುವುದು 4ನೇ ಮನೆಯಲ್ಲಿ. ಡಿಐ ತೋರಿಸುವುದು 5ನ್ನು. ಸಿಕ್ಕಮೇಲೂ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುವುದು ಅದರ ಜಾಯಮಾನ. ಹಿಂದಕ್ಕೊಂದು ಹೆಜ್ಜೆ ಇಟ್ಟು ನೋಡುವುದು ನಮ್ಮ ಪಾಲಿನ ಕೆಲಸ. ಸಿಎಕ್ಸ್‌ನಲ್ಲಿ ಉಳಿದದ್ದು 6. ಅಲ್ಲಿಂದಲೇ ಮತ್ತೆ ಓಡಿಸಿದರೆ ಎರಡನೆಯ ‘ಎ’ ಸಿಗುತ್ತದೆ. ಡಿಐ 8, ಸಿಎಕ್ಸ್ 3. ಇನ್ನೊಮ್ಮೆ ಓಡಿಸಿ. ಟಿ, ಟಿ, ಎ. ಮೂರನೆಯ ‘ಎ’ ಸಿಕ್ಕಿತು, ಸಿಎಕ್ಸ್ ಸೊನ್ನೆಯಾಯಿತು. ಎರಡೂ ಒಂದೇ ಹೊತ್ತಿಗೆ.

‘ಮಾವ, ಸಿಎಕ್ಸ್ ಸೊನ್ನೆ ಆಗೋಯ್ತು. ಸಿಕ್ಕಿಲ್ಲ ಅಂತ ಬರ್ದುಬಿಡ್ಲಾ?’ ಎಂದ ಹುಡುಗ.

‘ಕಣ್ಣೆದುರಿಗೇ ಐತಲ್ಲೋ.’

‘ಕಣ್ಣೆದುರಿಗಿದ್ರೇನು, ಎಣಿಕೆ ಮುಗೀತಲ್ಲ?’

ಶಿಡ್ಲಘಟ್ಟದ ಹೆಸರಿನ ಬೆಲೆ ಗೊತ್ತಾಗುವುದೇ ಇಲ್ಲಿ. ಇದೇ ಹನ್ನೊಂದು ಅಕ್ಷರಗಳಲ್ಲಿ ‘ಜಡ್’ ಹುಡುಕಲು ಕಳಿಸಿದ್ದರೂ ಕೊನೆಗೆ ಸಿಎಕ್ಸ್ ಸೊನ್ನೆಯೇ ಆಗುತ್ತಿತ್ತು, ಡಿಐ 11ರ ಬಳಿಯೇ ನಿಲ್ಲುತ್ತಿತ್ತು. ಕೊನೆಯ ಮನೆಯಲ್ಲಿ ಸಿಕ್ಕವನಿಗೂ ಎಲ್ಲೂ ಸಿಗದವನಿಗೂ ಎಣಿಕೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನಿಂತದ್ದು ಸಿಕ್ಕಿದ್ದಕ್ಕೋ, ಸಾಲು ಮುಗಿದದ್ದಕ್ಕೋ ಎಂಬುದನ್ನು ಜೀರೋ ಫ್ಲಾಗ್ ಒಂದೇ ಹೇಳಬಲ್ಲದು. ಹಾಗೆಂದು ಸಿಎಕ್ಸ್‌ಗೆ ಮರ್ಯಾದೆ ಇಲ್ಲವೆಂದಲ್ಲ. ಹೊರಡುವ ಮುನ್ನವೇ ಸಿಎಕ್ಸ್ ಸೊನ್ನೆಯಾಗಿದ್ದರೆ ಆಜ್ಞೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ, ಫ್ಲಾಗನ್ನೂ ಮುಟ್ಟುವುದಿಲ್ಲ. ಹಿಂದಿನ ಯಾವುದೋ ಲೆಕ್ಕದಿಂದ ಉಳಿದ ಗುರುತು ಹಾಗೇ ಇರುತ್ತದೆ. ಅದು ‘ಸಮ’ ಎಂದಿದ್ದರೆ ಹುಡುಕದೆಯೇ ಸಿಕ್ಕಿತು ಎಂಬ ವರದಿ ಬರುತ್ತದೆ. ಸ್ಥಳಕ್ಕೆ ಹೋಗದೆ ಮಹಜರು ಬರೆಯುವ ಪದ್ಧತಿ ನಮ್ಮ ತಾಲ್ಲೂಕಿಗೆ ಮಾತ್ರ ಸೀಮಿತ ಎಂದುಕೊಂಡಿದ್ದೆ. ಹಾಗಾಗಿ ಹೊರಡುವ ಮುಂಚೆ ಸಿಎಕ್ಸ್ ನೋಡಬೇಕು, ನಿಂತ ಮೇಲೆ ಫ್ಲಾಗ್ ನೋಡಬೇಕು. ನಮ್ಮ ಹುಡುಗರು ನಿಯಮ ತಪ್ಪದೆ ಇದನ್ನು ಅದಲುಬದಲು ಮಾಡುತ್ತಾರೆ.

ಮಾತಿನಲ್ಲಿ ಹೇಳಿದರೆ ಅವನ ತಲೆಗೆ ಹೋಗಲಿಲ್ಲ. ಪಕ್ಕದ ಬೀದಿಯ ಫಿಲೇಚರಿಗೆ ಕರೆದುಕೊಂಡು ಹೋದೆ. ಶಿಡ್ಲಘಟ್ಟದಲ್ಲಿ ಯಾವ ಬೀದಿಗೆ ಹೊರಟರೂ ರೇಷ್ಮೆ ಬಿಚ್ಚುವವರ ಮನೆ ದಾರಿಯಲ್ಲಿ ಸಿಗುತ್ತದೆ. ಕಣ್ಣು ಮುಚ್ಚಿಕೊಂಡು ಹೋದರೂ ಬೇಯಿಸಿದ ಹುಳದ ವಾಸನೆ ಬಾಗಿಲವರೆಗೆ ತಲುಪಿಸುತ್ತದೆ. ಹೊರಗಿನವರು ಮೂಗು ಮುಚ್ಚುತ್ತಾರೆ. ನಮಗೆ ಅದು ಬರದ ದಿನ ಊರಿಗೇನೋ ಆಗಿದೆ ಅನಿಸುತ್ತದೆ.

ಒಳಗೆ ಹಬೆಯೋ ಹಬೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿವೆ. ಹುಳ ಮೂರು ದಿನ ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತ ತನ್ನ ಸುತ್ತ ಒಂದೇ ಎಳೆಯನ್ನು ಸುತ್ತಿಕೊಂಡಿರುತ್ತದೆ. ಮಧ್ಯೆ ಎಲ್ಲೂ ಗಂಟಿಲ್ಲ, ತುಂಡಿಲ್ಲ. ಒಳ್ಳೆಯ ಗೂಡಾದರೆ ಸಾವಿರ ಮೀಟರಿನಷ್ಟು ಉದ್ದ. ಬಿಸಿನೀರಿಗೆ ಹಾಕಿದಾಗ ಎಳೆಗಳನ್ನು ಅಂಟಿಸಿ ಹಿಡಿದ ಸೆರಿಸಿನ್ ಎಂಬ ಗೋಂದು ಮೆತ್ತಗಾಗುತ್ತದೆ. ಹೊರಗಿನ ಸಿಕ್ಕನ್ನು ಸವರಿ ತೆಗೆದರೆ ನಿಜವಾದ ಎಳೆಯ ತುದಿ ಕೈಗೆ ಬರುತ್ತದೆ. ಅಂಥ ಏಳೆಂಟು ಗೂಡುಗಳ ಎಳೆ ಸೇರಿಸಿ ಒಂದು ನೂಲು. ತೊಟ್ಟಿಯ ಮುಂದೆ ಕೂತ ಹೆಂಗಸಿನ ಕಣ್ಣು ರಾಟೆಯ ಮೇಲಿಲ್ಲ, ನೀರಿನ ಮೇಲಿದೆ. ಏಳೆಂಟರಲ್ಲಿ ಒಂದು ಗೂಡು ಎಳೆ ಬಿಟ್ಟು ಸುಮ್ಮನೆ ತೇಲತೊಡಗಿದರೆ ನೂಲು ಅಷ್ಟರಮಟ್ಟಿಗೆ ಸಣ್ಣಗಾಗುತ್ತದೆ. ಸಣ್ಣಗಾದರೆ ಡೆನಿಯರ್ ಕೆಡುತ್ತದೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ನೂಲಿನ ವ್ಯಾಪಾರ ನಿಂತಿರುವುದೇ ಆ ಲೆಕ್ಕದ ಮೇಲೆ.

ಒಂದು ಗೂಡು ನಿಂತಿತು. ಆಕೆ ತಕ್ಷಣ ಅದನ್ನು ಎತ್ತಿ ಒಂದು ಕಣ್ಣು ಹಾಯಿಸಿ ಬುಟ್ಟಿಗೆಸೆದರು. ಸ್ವಲ್ಪ ಹೊತ್ತಿಗೆ ಇನ್ನೊಂದು ನಿಂತಿತು. ಅದನ್ನು ಎಸೆಯದೆ ಎಳೆ ಹುಡುಕಲು ಪಕ್ಕಕ್ಕೆ ಸರಿಸಿದರು.

‘ಅಕ್ಕಾ, ಅದನ್ಯಾಕೆ ಎಸ್ದೆ, ಇದನ್ಯಾಕೆ ಇಟ್ಕೊಂಡೆ?’ ಎಂದು ಕೇಳಿದೆ.

‘ಹುಳ ಕಾಣ್ತಾ ಐತಾ ನೋಡ್ಬೇಕಣ್ಣ. ಕಂಡ್ರೆ ಗೂಡು ಮುಗೀತು ಅಂತ. ಕಾಣ್ದೇ ಇದ್ರೆ ಎಳೆ ಕಿತ್ತದೆ, ಒಳಗೆ ನೂಲು ಐತೆ.’

ಗೂಡು ಬಿಚ್ಚಿ ಬಿಚ್ಚಿ ಕೊನೆಗೆ ತೆಳ್ಳನೆಯ ಪೊರೆ ಉಳಿದು ಒಳಗಿನ ಹುಳ ಕಾಣತೊಡಗಿದರೆ ಕೆಲಸ ಪೂರೈಸಿದೆ ಎಂದು ಅರ್ಥ. ಗೂಡು ಇನ್ನೂ ಬೆಳ್ಳಗೆ ದಪ್ಪಗಿದ್ದರೆ ಎಳೆ ನಡುವೆ ತುಂಡಾಗಿದೆ. ನೀರಿನ ಮೇಲೆ ಎರಡೂ ಒಂದೇ ಥರ ನಿಂತಿರುತ್ತವೆ. ನಿಂತದ್ದನ್ನು ನೋಡಿ ಆಕೆ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಯಾಕೆ ನಿಂತಿತು ಎಂಬುದನ್ನು ತಿಳಿಯಲು ಇನ್ನೊಂದು ಗುರುತು ನೋಡುತ್ತಾರೆ. ಅದೂ ಎಷ್ಟು ಬೇಗ! ಹುಡುಗ ಅಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದ. ‘ಹುಳ ಅಂದ್ರೆ ಜೀರೋ ಫ್ಲಾಗ್’ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಕೆ ನನ್ನ ಕಡೆ ನೋಡಿ, ‘ಹುಡುಗ್ನಿಗೆ ಹುಷಾರಿಲ್ವಾ ಅಣ್ಣ?’ ಎಂದು ಮೆಲ್ಲಗೆ ಕೇಳಿದರು. ವೈವಾದಲ್ಲಿ ಅವನು ಆ ಮಾತನ್ನು ಹೇಳಲಿಲ್ಲವಂತೆ. ಹೇಳಿದ್ದರೆ ಒಳ್ಳೆಯದಿತ್ತು.

ನಿಲ್ಲುವ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಡಾಸ್‌ನಲ್ಲಿ ತೆರೆಯ ಮೇಲೆ ಒಂದು ವಾಕ್ಯ ಬರೆಸಬೇಕಾದರೆ ಕೊನೆಗೆ ಡಾಲರ್ ಚಿಹ್ನೆ ಹಾಕಬೇಕಿತ್ತು. 9ನೇ ನಂಬರಿನ ಸೇವೆ ಡಾಲರ್ ಕಂಡಲ್ಲಿ ನಿಲ್ಲುತ್ತದೆ. ಚೀನಾ ರೇಷ್ಮೆಯ ರೇಟನ್ನು ಡಾಲರಿನಲ್ಲಿ ತೋರಿಸಲು ಹೋದರೆ ‘ಚೀನಾ ರೇಷ್ಮೆ ಕೆಜಿಗೆ’ ಎಂಬಲ್ಲಿಗೆ ಮಾತು ನಿಂತು, ರೇಟು ಮಾತ್ರ ಕಾಣುವುದಿಲ್ಲ. ಚೀನಾ ರೇಷ್ಮೆ ಅಂದರೆ ನಮ್ಮ ಊರಲ್ಲಿ ಎಲ್ಲರ ಮಾತೂ ಅಲ್ಲಿಗೇ ನಿಲ್ಲುತ್ತದೆ, ಆ ಸಂಗತಿ ಬೇರೆ. ಸಿ ಭಾಷೆಯವರು ಡಾಲರಿನ ಬದಲು ಕೊನೆಯಲ್ಲಿ ಸೊನ್ನೆ ಎಂಬ ಬೈಟು ಇಟ್ಟರು. ಅವರ ವಾಕ್ಯದ ಉದ್ದ ಅಳೆಯಲು ಸ್ಕ್ಯಾಸ್‌ಬಿಯ ಒಂದು ಹಳೆಯ ಯುಕ್ತಿಯಿದೆ. ಸಿಎಕ್ಸ್‌ನಲ್ಲಿ ಮೈನಸ್ ಒಂದು, ಅಂದರೆ 65,535 ತುಂಬಿ ಸೊನ್ನೆಯನ್ನು ಹುಡುಕಲು ಬಿಡುವುದು. ನಮ್ಮ ಊರಿನ ಹೆಸರಿಗೆ ಸೊನ್ನೆಯೂ ಸೇರಿ ಹನ್ನೆರಡು ಹೆಜ್ಜೆ, ಉಳಿಯುವುದು 65,523. ಅದರ ಬಿಟ್ಟುಗಳನ್ನೆಲ್ಲ ತಿರುವಿಹಾಕಿದರೆ 12, ಒಂದು ಕಳೆದರೆ 11. ಗುಣಿಸದೆ, ಮೊದಲು ಯಾವ ಜಾಗದಿಂದ ಹೊರಟೆವೆಂದು ನೆನಪಿಡದೆ ಉತ್ತರ ಸಿಕ್ಕಿತು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಲೆಕ್ಕದ ಮೇಷ್ಟರಾಗಿದ್ದರೆ ಮಕ್ಕಳು ಶಾಲೆ ಬಿಟ್ಟು ಓಡುತ್ತಿರಲಿಲ್ಲ.

ಒಂದೇ ಅಕ್ಷರ ಹುಡುಕುವವರೆಗೆ ಎಲ್ಲ ಸುಸೂತ್ರ. ಹೆಸರು ಹುಡುಕಲು ಹೊರಟಾಗ ಶಿಡ್ಲಘಟ್ಟ ತನ್ನ ನಿಜವಾದ ಬುದ್ಧಿ ತೋರಿಸುತ್ತದೆ. ನಮ್ಮ ಭಾವ, ಎಂದರೆ ಹುಡುಗನ ತಂದೆ, ಹಳ್ಳಿಗಳ ರೈತರಿಗೆ ಹುಳ ಗೂಡು ಕಟ್ಟುವ ಚಂದ್ರಿಕೆ ಬಾಡಿಗೆಗೆ ಕೊಡುತ್ತಿದ್ದರು. ಯಾರಿಗೆ ಎಷ್ಟು ಚಂದ್ರಿಕೆ ಹೋಗಿದೆ, ಯಾವುದು ವಾಪಸು ಬಂದಿದೆ ಎಂಬ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ಹುಡುಗ ಹೊರಟ. ಲ್ಯಾಬಿನಲ್ಲಿ ಕಲಿತದ್ದು ಮನೆಗೆ ಬರಲಿ ಎಂದು ಭಾವನವರಿಗೂ ಖುಷಿ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಪಟ್ಟಿ ತಯಾರಾಯಿತು. ಮುನಿಯಪ್ಪ, ಮುನಿಶಾಮಪ್ಪ, ಮುನಿನಾರಾಯಣಪ್ಪ, ಮುನಿವೆಂಕಟಪ್ಪ, ಮುನಿಆಂಜಿನಪ್ಪ, ಮುನಿರಾಜು, ಮತ್ತೊಬ್ಬ ಮುನಿಯಪ್ಪ. ಮುನೇಶ್ವರನ ಗುಡಿಯಿಲ್ಲದ ಹಳ್ಳಿ ನಮ್ಮ ಕಡೆ ಅಪರೂಪ. ಹರಕೆಯಿಂದ ಹುಟ್ಟಿದವರ ಸಾಲು ಹೀಗೇ ಇರುತ್ತದೆ.

ಪಠ್ಯಪುಸ್ತಕದಲ್ಲಿರುವ ಪದ್ಧತಿ ಹೀಗೆ: ಹುಡುಕಬೇಕಾದ ಹೆಸರಿನ ಮೊದಲ ಅಕ್ಷರವನ್ನು ಸ್ಕ್ಯಾಸ್‌ಬಿಯಿಂದ ಹಿಡಿ. ಸಿಕ್ಕಲ್ಲಿ ನಿಂತು, ಮಿಕ್ಕ ಅಕ್ಷರಗಳನ್ನು ಸಾಲು ಹೋಲಿಸುವ ಆಜ್ಞೆಯಾದ ಸಿಎಂಪಿಎಸ್‌ಬಿಯಿಂದ ಒಂದೊಂದಾಗಿ ಹೋಲಿಸು. ತಪ್ಪಿದರೆ ಮುಂದೆ ನಡೆ. ಮುನಿಶಾಮಪ್ಪನನ್ನು ಹುಡುಕಲು ‘ಎಂ’ ಹಿಡಿದು ಹೊರಟರೆ ಪ್ರತಿ ಮನೆಯ ಬಾಗಿಲಲ್ಲೂ ನಿಲ್ಲಬೇಕು. ನಿಂತಲ್ಲೆಲ್ಲ ಎಂ, ಯು, ಎನ್, ಐ ನಾಲ್ಕೂ ತಾಳೆಯಾಗಿ ಐದನೆಯ ಅಕ್ಷರದಲ್ಲಿ ‘ನಾನಲ್ಲಪ್ಪ’ ಎಂಬ ಉತ್ತರ. ಪಟ್ಟಿಯಲ್ಲಿ ಅವನಿಗಿಂತ ಕೆಳಗಿರುವವರನ್ನು ಹುಡುಕುವಾಗ, ಮುನಿಶಾಮಪ್ಪನ ಹೆಸರಿನೊಳಗೇ ಇನ್ನೊಂದು ‘ಎಂ’ ಇರುವುದರಿಂದ ಅಲ್ಲೂ ಒಮ್ಮೆ ಎಡವಬೇಕು.

ಮುಂದಿನಿಂದ ಆಗದಿದ್ದರೆ ಹಿಂದಿನಿಂದ ಹೋಲಿಸುವ ಜಾಣತನವನ್ನು ಬಾಯರ್ ಮತ್ತು ಮೂರ್ ಎಂಬ ಇಬ್ಬರು 1977ರಲ್ಲೇ ಪ್ರಕಟಿಸಿದ್ದಾರೆ. ಹೆಸರಿನ ಕೊನೆಯ ಅಕ್ಷರದಿಂದ ಹೋಲಿಕೆ ಶುರುಮಾಡಿದರೆ, ತಪ್ಪಿದಾಗ ಒಂದೊಂದೇ ಹೆಜ್ಜೆ ಇಡುವ ಬದಲು ನೆಗೆದು ಹೋಗಬಹುದು ಎಂಬುದು ಅವರ ಉಪಾಯ. ಜಗತ್ತಿನ ಬಹುಪಾಲು ಪಠ್ಯಗಳಿಗೆ ಅದು ಬಹಳ ಒಳ್ಳೆಯ ಉಪಾಯ. ಆದರೆ ಅವರು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಂದವರಲ್ಲ. ಹಿಂದಿನಿಂದ ಬಂದರೆ ಇಲ್ಲಿ ಹೆಚ್ಚುಕಮ್ಮಿ ಎಲ್ಲರೂ ಅಪ್ಪ. ಮುಂದೆ ಮುನಿ, ಹಿಂದೆ ಅಪ್ಪ. ಮನುಷ್ಯ ಇರುವುದು ನಡುವೆ. ಹಾಗಾದರೆ ಹಿಡಿಯಬೇಕಾದ್ದೂ ನಡುವಿನದನ್ನೇ. ಮುನಿಶಾಮಪ್ಪನಲ್ಲಿ ಅಪರೂಪದ ಅಕ್ಷರ ‘ಎಸ್’. ಸ್ಕ್ಯಾಸ್‌ಬಿಗೆ ಅದನ್ನು ಕೊಟ್ಟು, ಸಿಕ್ಕಲ್ಲಿಂದ ನಾಲ್ಕು ಮನೆ ಹಿಂದಕ್ಕೆ ಬಂದು ಪೂರ್ತಿ ಹೆಸರು ತಾಳೆ ನೋಡಿದರಾಯಿತು. ಇವತ್ತಿನ ಕೆಲವು ಹುಡುಕುವ ಲೈಬ್ರರಿಗಳು ಮಾಡುವುದೂ ಇದನ್ನೇ. ಯಾವ ಬೈಟು ಅತಿ ವಿರಳವೆಂದು ಮೊದಲೇ ಅಂದಾಜು ಮಾಡಿ, ಹೆಸರಿನ ತಲೆ ಬಾಲ ಬಿಟ್ಟು ಅದನ್ನೇ ಬೆನ್ನಟ್ಟುತ್ತವೆ. ಭಾವನವರಿಗೆ ಇದನ್ನು ವಿವರಿಸಿದಾಗ ಅವರು, ‘ಅದಕ್ಕೇ ನಾವು ಊರಿನ ಹೆಸರು ಸೇರಿಸಿ ಕರೆಯೋದು’ ಎಂದರು. ಅವರ ಪುಸ್ತಕದಲ್ಲಿ ಮುನಿಯಪ್ಪನ ಪಕ್ಕ ‘ಮೇಲೂರು’ ಎಂದಿತ್ತು. ಕಂಪ್ಯೂಟರಿಗೆ ಏರಿಸುವಾಗ ಹುಡುಗ ಅದನ್ನು ಅನಗತ್ಯ ಎಂದು ಬಿಟ್ಟಿದ್ದ.

ಸಾಲಿನ ಕೊನೆಯಿಂದ ಹಿಂದಕ್ಕೆ ನಡೆಯಲೂ ಸ್ಕ್ಯಾಸ್‌ಬಿಗೆ ಬರುತ್ತದೆ. ಎಸ್‌ಟಿಡಿ ಎಂದು ಹೇಳಿದರೆ ಡೈರೆಕ್ಷನ್ ಫ್ಲಾಗ್ ತಿರುಗಿ ಡಿಐ ಹಿಮ್ಮುಖವಾಗಿ ಸಾಗುತ್ತದೆ. ಹೆಸರಿನ ಹಿಂದೆ ತುಂಬಿಕೊಂಡ ಖಾಲಿ ಜಾಗಗಳನ್ನು ಕಿತ್ತೆಸೆಯಲು ಇದು ಪ್ರಶಸ್ತ. ಆಗ ರೆಪ್‌ಎನ್‌ಇ ಬದಲು ರೆಪ್‌ಇ; ಸಮವಾಗಿರುವಷ್ಟು ಹೊತ್ತು ನಡೆ, ಬೇರೆಯದು ಕಂಡಾಗ ನಿಲ್ಲು. ಕೆಲಸ ಆದಮೇಲೆ ಸಿಎಲ್‌ಡಿ ಹೇಳಿ ದಿಕ್ಕನ್ನು ಸರಿಮಾಡಬೇಕು. ಮರೆತರೆ ಮುಂದೆ ಬರುವ ಸ್ಟ್ರಿಂಗ್ ಆಜ್ಞೆಗಳೆಲ್ಲ ಹಿಂದಕ್ಕೆ ನಡೆಯುತ್ತವೆ. ಹುಡುಗರ ಪಾಡು ಬಿಡಿ. 2008ರಲ್ಲಿ ಜಿಸಿಸಿ ಕಂಪೈಲರಿನ 4.3ನೇ ಆವೃತ್ತಿ ಬಂದಾಗ ಒಂದು ಸಂಗತಿ ಬಯಲಾಯಿತು. ಲಿನಕ್ಸ್ ಕರ್ನಲ್ ಸಿಗ್ನಲ್ ಹ್ಯಾಂಡ್ಲರ್‌ಗಳನ್ನು ಕರೆಯುವಾಗ ಈ ಫ್ಲಾಗನ್ನು ಸರಿಪಡಿಸದೆ ಹಾಗೇ ಕಳಿಸುತ್ತಿತ್ತು. ಹಳೆಯ ಕಂಪೈಲರ್ ಸ್ಟ್ರಿಂಗ್ ಆಜ್ಞೆಗಳಿಗೆ ಮುಂಚೆ ತಾನೇ ಸಿಎಲ್‌ಡಿ ಹಾಕಿಕೊಳ್ಳುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೊಸದು, ಫ್ಲಾಗ್ ನೆಟ್ಟಗೇ ಇರುತ್ತದೆಂಬ ಒಪ್ಪಂದವನ್ನು ನಂಬಿ ಹಾಕುವುದನ್ನು ಬಿಟ್ಟಿತು. ಆಮೇಲೆ ಕರ್ನಲ್‌ನವರೇ ತಿದ್ದಿಕೊಂಡರು. ಒಂದು ಬಿಟ್ಟಿನ ಮರೆವಿಗೆ ಜಗತ್ತಿನ ದೊಡ್ಡ ದೊಡ್ಡ ತಲೆಗಳು ಕೂತು ಚರ್ಚಿಸಿದ್ದನ್ನು ತಿಳಿದಾಗ ಅಕ್ಕನ ಮಗನಿಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಸೆಮಿಸ್ಟರ್ ಪೂರ್ತಿ ಯಾವ ತಪ್ಪು ತೋರಿಸಿದರೂ ‘ಲಿನಕ್ಸ್‌ನಲ್ಲೇ ಆಗಿತ್ತು ಮಾವ’ ಎನ್ನುತ್ತಿದ್ದ.

ಇಷ್ಟು ಹೊತ್ತೂ ಊರ ಹೆಸರನ್ನು ಇಂಗ್ಲಿಷಿನಲ್ಲೇ ಬರೆದುಕೊಂಡು ಬಂದೆವು. ಕನ್ನಡದಲ್ಲಿ ಬರೆದರೆ? ಕಣ್ಣಿಗೆ ಕಾಣುವುದು ಶಿ, ಡ್ಲ, ಘ, ಟ್ಟ, ನಾಲ್ಕೇ ಅಕ್ಷರ. ಯೂನಿಕೋಡ್ ಅದನ್ನು ಬಿಡಿಸಿಟ್ಟಾಗ ಒಂಬತ್ತು ಸಂಕೇತಗಳಾಗುತ್ತವೆ: ಶ, ಗುಡಿಸು, ಡ, ವಿರಾಮ, ಲ, ಘ, ಟ, ವಿರಾಮ, ಟ. ಯುಟಿಎಫ್-8 ಎಂಬ ಕ್ರಮದಲ್ಲಿ ಕಡತಕ್ಕೆ ಹೋಗುವಾಗ ಒಂದೊಂದಕ್ಕೂ ಮೂರು ಬೈಟು, ಒಟ್ಟು 27. ಇಸ್ಕಿ ಎಂಬ 1991ರ ಭಾರತೀಯ ಮಾನಕದಲ್ಲಿ ಒಂದು ಸಂಕೇತಕ್ಕೆ ಒಂದೇ ಬೈಟು ಸಾಕಾಗಿತ್ತು, ಸ್ಕ್ಯಾಸ್‌ಬಿಗೆ ಅದು ಸುಖದ ಕಾಲ. ಅದರಲ್ಲಿ ಕನ್ನಡದ ‘ಲ’ಗೂ ತೆಲುಗಿನ ‘ಲ’ಗೂ ಸಂಕೇತ ಒಂದೇ ಆಗಿತ್ತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ತಾಲ್ಲೂಕಿಗೆ ಹೇಳಿಮಾಡಿಸಿದ ಏರ್ಪಾಡು.

ಯುಟಿಎಫ್-8ರಲ್ಲಿ ಸುಖ ಹೋಯಿತು. ಈ 27 ಬೈಟುಗಳಲ್ಲಿ ‘ಲ’ವನ್ನು ಹುಡುಕಿ ನೋಡಿ. ‘ಲ’ದ ಮೂರು ಬೈಟುಗಳು 224, 178, 178. ಮೊದಲ ಬೈಟಾದ 224ನ್ನು ಹಿಡಿದು ಹೊರಟರೆ ಒಂಬತ್ತು ಸಂಕೇತಗಳಲ್ಲೂ ನಿಲ್ಲುತ್ತದೆ. ಕನ್ನಡದ ಯಾವ ಅಕ್ಷರವಾದರೂ 224ರಿಂದಲೇ ಶುರು. ಮುನಿಗಳ ಕಾಟ ಇಲ್ಲೂ ತಪ್ಪಲಿಲ್ಲ. ಸರಿ, ಅಪರೂಪದ ಕೊನೆಯ ಬೈಟನ್ನೇ ಹಿಡಿಯೋಣ ಎಂದು 178 ಕೊಟ್ಟರೆ, ‘ಶ’ದ ನಡುವಿನ ಬೈಟಿನಲ್ಲೇ ಮೊದಲ ನಿಲುಗಡೆ, ಏಕೆಂದರೆ ‘ಶ’ ಅಂದರೆ 224, 178, 182. ಆಮೇಲೆ ಗುಡಿಸಿನ ನಡು, ‘ಡ’ದ ನಡು. ವಿರಾಮದ ನಡುವಿನ ಬೈಟು 179 ಆದ್ದರಿಂದ ಅದೊಂದು ಕೈಬಿಡುತ್ತದೆ. ನಾಲ್ಕನೆಯ ಸಲ ‘ಲ’ದ ನಡುವೆ ನಿಂತು, ಐದನೆಯ ಸಲ, ಕೊನೆಗೂ, ನಾವು ಹುಡುಕಿದ ಜಾಗಕ್ಕೆ ಬರುತ್ತದೆ. ಕನ್ನಡದ ಬೇರೆ ಬಹುಪಾಲು ಅಕ್ಷರಗಳಿಗೆ ಕೊನೆಯ ಬೈಟು ಹಿಡಿಯುವ ಉಪಾಯ ಚೆನ್ನಾಗಿಯೇ ಒಗ್ಗುತ್ತದೆ. ‘ಲ’, ‘ಳ’ಗಳ ಹಣೆಬರಹ ಮಾತ್ರ ಹೀಗೆ. ಆದರೂ ಯುಟಿಎಫ್-8 ಮಾಡಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಒಂದು ಉಪಕಾರ ಮಾಡಿದ್ದಾರೆ. ಅಕ್ಷರದ ತಲೆಯಾಗುವ ಬೈಟು ಎಂದಿಗೂ ನಡು ಅಥವಾ ಬಾಲ ಆಗುವುದಿಲ್ಲ. ಮೂರೂ ಬೈಟು ತಾಳೆಯಾದರೆ ಸಿಕ್ಕಿದ್ದು ‘ಲ’ವೇ, ಅನುಮಾನ ಬೇಡ.

ಸ್ಕ್ಯಾಸ್‌ಬಿಯ ವೈಭವವೂ ಈಗ ಇಳಿದಿದೆ. 8086ರ ಕಾಲದಲ್ಲಿ ಒಂದು ಬೈಟಿಗೆ ಅದು ಹದಿನೈದು ಗಡಿಯಾರದ ಬಡಿತ ತೆಗೆದುಕೊಳ್ಳುತ್ತಿತ್ತು. ಅದೇ ಕೆಲಸವನ್ನು ಬಿಡಿ ಆಜ್ಞೆಗಳಲ್ಲಿ ಬರೆದರೆ ದುಪ್ಪಟ್ಟಿಗೂ ಹೆಚ್ಚು. 5 ಮೆಗಾಹರ್ಟ್ಸ್‌ನ ಪ್ರೊಸೆಸರ್ 65,535 ಬೈಟುಗಳ ಸಾಲನ್ನು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಜಾಲಾಡುತ್ತಿತ್ತು. ಆ ಕಾಲಕ್ಕೆ ಅದು ಮಿಂಚು. 2000ದಲ್ಲಿ ಪೆಂಟಿಯಂ 4ರೊಂದಿಗೆ ಎಸ್‌ಎಸ್‌ಇ2 ಬಂತು. ಹದಿನಾರು ಬೈಟುಗಳನ್ನು ಒಟ್ಟಿಗೆ ಹೋಲಿಸುವ ಆಜ್ಞೆಗಳು. ಅಲ್ಲಿಂದ ಮುಂದೆ ಮೂವತ್ತೆರಡು. ಇಂಟೆಲ್‌ನವರು ಸಾಲು ಸಾಗಿಸುವ, ಸಾಲು ತುಂಬುವ ಆಜ್ಞೆಗಳನ್ನು ಹೊಸ ಪ್ರೊಸೆಸರುಗಳಲ್ಲಿ ಚುರುಕುಗೊಳಿಸಿದರು. ಹುಡುಕುವುದನ್ನು ಬಹಳ ಕಾಲ ಹಾಗೇ ಬಿಟ್ಟರು. ಹಾಗಾಗಿ ಇವತ್ತು ವೇಗ ಬೇಕಾದವರು ಯಾರೂ ರೆಪ್‌ಎನ್‌ಇ ಸ್ಕ್ಯಾಸ್‌ಬಿ ಬರೆಯುವುದಿಲ್ಲ. ಆದರೆ ಕಿತ್ತುಹಾಕಿಯೂ ಇಲ್ಲ. 64 ಬಿಟ್ಟಿನ ಹೊಸ ಲ್ಯಾಪ್‌ಟಾಪಿಗೂ 242, 174 ಎಂದರೆ ಅದು 1978ರಷ್ಟೇ ವಿಧೇಯವಾಗಿ ಒಂದೊಂದೇ ಬೈಟು ನೋಡುತ್ತ ಹೊರಡುತ್ತದೆ, ಸಿಕ್ಕಮೇಲೂ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ.

ಕಾಲೇಜುಗಳಲ್ಲೂ ಈಗ ಬಹಳ ಕಡೆ 8086ರ ಜಾಗಕ್ಕೆ ಆರ್ಮ್ ಬಂದಿದೆ. ಅದರಲ್ಲಿ ಇಂಥ ಹುಡುಕುವ ಆಜ್ಞೆಯೇ ಇಲ್ಲ. ಎತ್ತು, ಹೋಲಿಸು, ಮುಂದೆ ಹೋಗು ಎಂದು ಪ್ರತಿ ಹೆಜ್ಜೆಯನ್ನೂ ನಾವೇ ಬರೆಯಬೇಕು. ಬರೆದರೇನು ನಷ್ಟ? ನಿಲ್ಲಲು ಇರುವ ಕಾರಣಗಳು ಅಲ್ಲೂ ಎರಡೇ, ಹುಡುಗರು ಅಲ್ಲೂ ಎಣಿಕೆಯನ್ನು ಮಾತ್ರ ನೋಡುತ್ತಾರೆ. ಹಾಗಾಗಿ ಲ್ಯಾಬ್ ನಡೆಸುವ ಮೇಷ್ಟರುಗಳಲ್ಲಿ ನನ್ನದೊಂದು ವಿನಂತಿ. ಹುಡುಕುವ ಪ್ರೋಗ್ರಾಂ ಬರೆಸುವಾಗ ‘ಹೆಲೋ ವರ್ಲ್ಡ್’ನಲ್ಲಿ ‘ಡಬ್ಲ್ಯೂ’ ಹುಡುಕಿ ಎಂದು ಕೊಡಬೇಡಿ. ಅದು ಯಾವ ಪ್ರೋಗ್ರಾಮಿಗಾದರೂ ಸಿಗುತ್ತದೆ. ನಮ್ಮ ಕಡೆಯ ಮುನಿಗಳ ಪಟ್ಟಿಯನ್ನೇ ಕೊಡಿ. ಹುಡುಕಬೇಕಾದ ಹೆಸರನ್ನು ಕೊನೆಯಲ್ಲಿಡಿ, ಒಮ್ಮೆ ಪಟ್ಟಿಯನ್ನೇ ಖಾಲಿ ಬಿಟ್ಟು ಓಡಿಸಿ, ಇನ್ನೊಮ್ಮೆ ಕನ್ನಡದಲ್ಲಿ ಬರೆದು ಕೊಡಿ. ಮೂರನ್ನೂ ದಾಟಿದವನಿಗೆ ವೈವಾದಲ್ಲಿ ಪ್ರಶ್ನೆ ಕೇಳದೆ ಪೂರ್ತಿ ಅಂಕ ಹಾಕಿ. ಪಟ್ಟಿ ಸಾಲದೆ ಬಂದರೆ ಶಿಡ್ಲಘಟ್ಟಕ್ಕೆ ಹೇಳಿಕಳಿಸಿ, ನಮ್ಮಲ್ಲಿ ಮುನಿಗಳಿಗೆ ಬರವಿಲ್ಲ.